ಎಕೋ ಅಂದರ ಯಾವ ಎಕೋ ರೀ?

ಬಾಗಲಕೋಟೆಯಲ್ಲಿ ‘ಎಕೋ’ ಎಂಬ ಮಾತಿಗೆ ಈಗ ಒಂದಲ್ಲ, ನಾಲ್ಕು ಅರ್ಥ. “ಡಾಕ್ಟರು ಎಕೋ ಮಾಡಿಸ್ಕೊಂಡು ಬರ್ರಿ ಅಂದಾರ” ಎಂದು ಆಸ್ಪತ್ರೆಯ ಚೀಟಿ ಹಿಡಿದ ಹಿರಿಯರು ಹೇಳುತ್ತಾರೆ. “ಹಾಡಿಗೆ ಒಂದೀಟು ಎಕೋ ಹಾಕ್ರಿ” ಎಂದು ಭಜನಾ ಮೇಳದವರು ಮೈಕಿನವನಿಗೆ ಹೇಳುತ್ತಾರೆ. “ಹಾಲ್ ಚಲೋ ಐತಿ, ಆದರ ಭಾಳ ಎಕೋ ಹೊಡಿತೈತಿ” ಎಂದು ಮದುವೆಗೆ ಹಾಲ್ ಗೊತ್ತುಮಾಡಲು ಹೋದವರು ಮುಖ ಸಿಂಡರಿಸುತ್ತಾರೆ. ಬಾದಾಮಿಗೆ ಪ್ರವಾಸ ಬಂದ ಶಾಲೆಯ ಹುಡುಗರು ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಎದುರಿನ ಗುಡ್ಡಕ್ಕೆ ಒದರಿ, ದನಿ ಮರಳಿ ಬಂದದ್ದಕ್ಕೆ ಕುಣಿಯುತ್ತಾರೆ. ಅದೂ ಎಕೋನೇ.

ಗುಡ್ಡ, ಮೈಕು, ಹಾಲ್, ಹೃದಯ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ಮೇಲುನೋಟಕ್ಕೆ ಅನಿಸುತ್ತದೆ. ಒಳಗೆ ಕೆಲಸ ಮಾಡುವ ತತ್ವ ಮಾತ್ರ ಒಂದೇ. ಸಪ್ಪಳ ಹೊರಡುತ್ತದೆ, ಯಾವುದಕ್ಕೋ ತಾಗುತ್ತದೆ, ಗೋಡೆಗೆ ಹೊಡೆದ ಚೆಂಡಿನಂತೆ ಮರಳುತ್ತದೆ. ಎಷ್ಟು ಹೊತ್ತಿಗೆ ಮರಳಿತು, ಎಷ್ಟು ಬಲ ಉಳಿಸಿಕೊಂಡು ಮರಳಿತು ಎಂಬ ಎರಡು ಪ್ರಶ್ನೆ ಕೇಳಿಕೊಂಡರೆ ನಾಲ್ಕೂ ಎಕೋಗಳ ಗುಟ್ಟು ತಿಳಿಯುತ್ತದೆ. ಯಾವ ಎಕೋ ಬೇಕು, ಯಾವುದನ್ನು ಕಡಿಮೆ ಮಾಡಬೇಕು ಎಂಬುದನ್ನೂ ಆಗ ನಾವೇ ನಿರ್ಧರಿಸಬಹುದು.

ಮೊದಲು ಗುಡ್ಡದ ಎಕೋ. ಇದಕ್ಕೆ ಬಾದಾಮಿಗಿಂತ ಒಳ್ಳೆಯ ಪಾಠಶಾಲೆ ನಮ್ಮ ಸುತ್ತಮುತ್ತ ಇಲ್ಲ. ತೆಂಕಣ ಗುಡ್ಡದಲ್ಲಿ ಗುಹಾಲಯಗಳು. ಅವುಗಳಲ್ಲಿ ಮೂರನೆಯದು 578ರಲ್ಲಿ ಚಾಲುಕ್ಯ ದೊರೆ ಕೀರ್ತಿವರ್ಮನ ಕಾಲಕ್ಕೆ ಅವನ ತಮ್ಮ ಮಂಗಳೇಶ ಮುಗಿಸಿದ್ದು. ಕೆರೆಯಾಚೆ ಬಡಗಣ ಗುಡ್ಡ, ಅದರ ಮೇಲೆ ಕೋಟೆ ಮತ್ತು ಶಿವಾಲಯಗಳು. ಮೂಡಣದಲ್ಲಿ ಭೂತನಾಥನ ಗುಡಿಗಳು, ಅವುಗಳ ಹಿಂದೆ ಮತ್ತೆ ಬಂಡೆ. ಊರಿನ ಕಡೆಯ ಪಡುವಣ ದಿಕ್ಕೊಂದು ಬಿಟ್ಟು ಮೂರೂ ಕಡೆ ಕಡಿದಾದ ಕೆಂಪು ಮರಳುಗಲ್ಲಿನ ಗೋಡೆ, ನಡುವೆ ನೀರು. ಗಾಳಿಯಲ್ಲಿ ಬಂದ ಸಪ್ಪಳ ಇಂಥ ಗಟ್ಟಿ ಬಂಡೆಯೊಳಗೆ ಇಳಿಯಲಾರದು. ನೂರಕ್ಕೆ ತೊಂಬತ್ತೊಂಬತ್ತು ಪಾಲಿಗಿಂತ ಹೆಚ್ಚು ಹಿಂದಕ್ಕೆ ಪುಟಿಯುತ್ತದೆ.

ಬಂಡೆಯ ಮೈಯೆಲ್ಲ ಬಿರುಕು, ಏಣು. ಹಾಗಿದ್ದೂ ದನಿ ಚೂರುಚೂರಾಗದೆ ಮರಳುವುದಕ್ಕೆ ಕಾರಣ ಅಲೆಯ ಉದ್ದ. ಗಂಡಸರ ಗಡಸು ದನಿಯ ಒಂದು ಅಲೆ ಸುಮಾರು ಮೂರು ಮೀಟರಿನಷ್ಟು ಉದ್ದ. ಅಷ್ಟು ದೊಡ್ಡ ಅಲೆಗೆ ಗೇಣುದ್ದದ ಬಿರುಕು ಲೆಕ್ಕಕ್ಕೇ ಬರುವುದಿಲ್ಲ. ‘ಸ’, ‘ಶ’ದಂಥ ಸಪ್ಪಳಗಳ ಅಲೆ ಕೆಲವೇ ಸೆಂಟಿಮೀಟರು. ಅವು ಬಂಡೆಯ ಒರಟಿಗೆ ಸಿಕ್ಕು ದಿಕ್ಕಾಪಾಲಾಗುತ್ತವೆ. ದೂರ ಸಾಗುವಾಗ ಗಾಳಿಯೂ ಅವನ್ನು ಬೇಗ ನುಂಗುತ್ತದೆ. ಅದಕ್ಕೇ ಗುಡ್ಡಕ್ಕೆ ಕೂಗುವವರು ಯಾರೂ ಕಲಿಸದಿದ್ದರೂ ‘ಓ...’ ಎಂದೇ ಕೂಗುತ್ತಾರೆ. ಸ್ವರ ಮರಳುತ್ತದೆ, ವ್ಯಂಜನ ದಾರಿಯಲ್ಲೇ ಉಳಿಯುತ್ತದೆ. ಉದ್ದನೆಯ ಹೆಸರು ಕೂಗಿದರೆ ಕೊನೆಯ ಅಕ್ಷರಗಳಷ್ಟೇ ಕೇಳಿಸುವುದಕ್ಕೂ ಕಾರಣ ಸರಳ. ಮೊದಲ ಅಕ್ಷರಗಳು ಮರಳಿ ಬರುವ ಹೊತ್ತಿಗೆ ನಾವಿನ್ನೂ ಕೂಗುತ್ತಲೇ ಇರುತ್ತೇವೆ, ನಮ್ಮ ದನಿಯೇ ಅವನ್ನು ಮುಚ್ಚಿಬಿಡುತ್ತದೆ.

ಈಗ ಲೆಕ್ಕ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು. ಒಂದೊಂದು ಡಿಗ್ರಿ ಏರಿದಂತೆ 0.6 ಮೀಟರು ಹೆಚ್ಚುತ್ತದೆ. ನಮ್ಮ ಕಡೆ 30 ಡಿಗ್ರಿ ಎಂದು ಹಿಡಿದರೆ 350 ಮೀಟರು. ಬಾಯಿಲೆಕ್ಕಕ್ಕೂ ಇದು ಸಲೀಸು. ಸಪ್ಪಳ ಹೋಗಿ ಬರಬೇಕಾದ್ದರಿಂದ ಅರ್ಧ ಮಾಡಿ: ದನಿ ಒಂದು ಸೆಕೆಂಡಿಗೆ ಮರಳಿದರೆ ಬಂಡೆ 175 ಮೀಟರು ದೂರ. ಎರಡು ಸೆಕೆಂಡಾದರೆ 350.

ಒಂದೇ ಚಪ್ಪಾಳೆಗೆ ಗಡಿಯಾರ ಹಿಡಿದರೆ ತಪ್ಪುತ್ತದೆ, ಕೈಗಿಂತ ಸಪ್ಪಳ ಚುರುಕು. ಹಳೆಯ ಉಪಾಯ ಬೇರೆ ಇದೆ. ಒಮ್ಮೆ ಚಪ್ಪಾಳೆ ತಟ್ಟಿ, ಅದರ ಮರುದನಿ ಬಂದ ಕ್ಷಣಕ್ಕೆ ಸರಿಯಾಗಿ ಮುಂದಿನ ಚಪ್ಪಾಳೆ ಬೀಳಬೇಕು. ನಾಲ್ಕಾರು ಸಲ ತಟ್ಟಿದರೆ ತಾಳ ಕೂಡಿಬರುತ್ತದೆ. ಮರುದನಿ ಚಪ್ಪಾಳೆಯೊಳಗೆ ಮುಳುಗಿ ಕೇಳಿಸದಂತಾದರೆ ತಾಳ ಸರಿಯಾಗಿದೆ ಎಂದೇ ಅರ್ಥ. ಆಮೇಲೆ ಜೊತೆಯವರು ಗಡಿಯಾರ ಶುರುಮಾಡಿ ಹನ್ನೊಂದು ಚಪ್ಪಾಳೆ ಎಣಿಸಲಿ. ನಡುವೆ ಹತ್ತು ಅಂತರಗಳಿರುತ್ತವೆ. ಹತ್ತು ಅಂತರಕ್ಕೆ 12 ಸೆಕೆಂಡು ಹಿಡಿದಿದ್ದರೆ ಒಂದಕ್ಕೆ 1.2 ಸೆಕೆಂಡು, 175ರಿಂದ ಗುಣಿಸಿದರೆ ಬಂಡೆ 210 ಮೀಟರು ದೂರ. ನ್ಯೂಟನ್ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಕಂಬಸಾಲೆಯಲ್ಲಿ ಇದೇ ದಾರಿಯನ್ನು ತಿರುಗುಮುರುಗಾಗಿ ಹಿಡಿದಿದ್ದ. ಅವನಿಗೆ ದೂರ ಗೊತ್ತಿತ್ತು. ಮರುದನಿಯನ್ನು ಲೋಲಕದ ತೂಗಾಟಕ್ಕೆ ಹೊಂದಿಸಿ ಶಬ್ದದ ವೇಗವನ್ನು ಅಳೆದ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳನ್ನು ಬಾದಾಮಿಗೆ ಕರೆತರುವ ಗುರುಗಳು ಈ ಪ್ರಯೋಗವನ್ನು ಮಾಡಿಸಲೇಬೇಕು. ಪಠ್ಯಪುಸ್ತಕದ ಒಂದು ಇಡೀ ಪಾಠ ಅರ್ಧ ತಾಸಿನಲ್ಲಿ ಕಿವಿಗೆ ಬೀಳುತ್ತದೆ. ಗುಹೆಗಳ ಒಳಗೆ ಬೇಡ, ಕೆರೆಯ ದಂಡೆಯಲ್ಲಿ ಮಾಡಿಸಿ. ಬೆಳಗಿನ ಹೊತ್ತಾದರೆ ಇನ್ನೂ ಒಳ್ಳೆಯದು: ನೀರಿನ ಮೇಲಣ ಗಾಳಿ ತಂಪಾಗಿ, ಅದರ ಮೇಲಿನದು ಬೆಚ್ಚಗಿದ್ದಾಗ ಸಪ್ಪಳ ಮೇಲಕ್ಕೆ ಹಾರಿಹೋಗದೆ ನೀರಿನತ್ತಲೇ ಬಾಗಿ ದೂರ ಸಾಗುತ್ತದೆ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ ಬೆಳಗ್ಗೆ ಪಕ್ಕದಲ್ಲೇ ಕೇಳಿದಂತಾಗುವುದು ಇದರಿಂದಲೇ.

ಗುಹೆಯೊಳಗೆ ನಿಂತು ಚಪ್ಪಾಳೆ ತಟ್ಟಿದರೆ ಹೀಗೆ ಬೇರೆಯಾಗಿ ಮರಳುವುದಿಲ್ಲ. ಐಹೊಳೆಯ ರಾವಣಫಡಿಯಲ್ಲಿ ನಿಂತು ಮಾತಾಡಿದರೂ ಅಷ್ಟೇ. ದನಿ ತುಂಬಿಕೊಂಡು ‘ಗುಂಯ್’ ಎನ್ನುತ್ತದೆ, ಎರಡನೆಯ ದನಿ ಎಂದು ಬಿಡಿಸಿ ಹೇಳಲಾಗುವುದಿಲ್ಲ. ಗೋಡೆ ಹತ್ತಿರವಿರುವುದೇ ಕಾರಣ. ಮೊದಲ ಸಪ್ಪಳದ ಬೆನ್ನಿಗೇ ಬಂದ ಮರುಸಪ್ಪಳವನ್ನು ಕಿವಿ ಬೇರೆಯೆಂದು ಎಣಿಸದೆ ಮೊದಲಿನದಕ್ಕೇ ಸೇರಿಸಿಕೊಳ್ಳುತ್ತದೆ. ಶಾಲೆಯ ಪುಸ್ತಕಗಳು ಇದಕ್ಕೆ ಸೆಕೆಂಡಿನ ಹತ್ತನೇ ಒಂದು ಪಾಲು ಎನ್ನುತ್ತವೆ. ಹಾಗಾಗಿ ಮರುದನಿ ಕೇಳಲು ಗೋಡೆ ಕನಿಷ್ಠ 17 ಮೀಟರು ದೂರವಿರಬೇಕು. ಮಾತಿನ ವಿಚಾರದಲ್ಲಿ ಸೆಕೆಂಡಿನ ಇಪ್ಪತ್ತನೇ ಒಂದು ಪಾಲು ದಾಟಿದರೇ ಕಿರಿಕಿರಿ ಶುರುವಾಗುತ್ತದೆ. ಚಪ್ಪಾಳೆಯಂಥ ಚುರುಕು ಸಪ್ಪಳದಲ್ಲಿ ಇನ್ನೂ ಕಡಿಮೆ ಅಂತರವೂ ಗೊತ್ತಾಗುತ್ತದೆ.

ಇಂಗ್ಲಿಷಿನ ಒಂದೇ ‘ಎಕೋ’ದಡಿ ನಾವು ತುರುಕುವ ಸಂಗತಿಗಳನ್ನು ಕನ್ನಡ ಬೇರೆಬೇರೆಯಾಗಿ ಕರೆಯುತ್ತದೆ. ಈ ಬೇರ್ಪಡಿಕೆ ಗೊತ್ತಿದ್ದರೆ ಮುಂದಿನ ಕೆಲಸ ಹಗುರ. ಬಿಡಿಯಾಗಿ, ಎಣಿಸಲು ಬರುವಂತೆ ಮರಳುವ ದನಿ ಮರುದನಿ, ಮಾರ್ದನಿ, ಪ್ರತಿಧ್ವನಿ. ಸಾವಿರಾರು ಮರುದನಿಗಳು ಒಂದರ ಮೇಲೊಂದು ಬಿದ್ದು ಸಪ್ಪಳ ಎಳೆದುಕೊಂಡು ಹೋಗುವುದು ಅನುರಣನ, ಆಡುಮಾತಿನಲ್ಲಿ ‘ಗುಂಯ್‌ಗುಡುವುದು’. ಒಂದು ವಸ್ತುವಿನ ಕಂಪನಕ್ಕೆ ಇನ್ನೊಂದು ತನ್ನದೇ ಶ್ರುತಿಯಲ್ಲಿ ಕೂಡಿ ಕಂಪಿಸುವುದು ಅನುನಾದ. ತಂಬೂರಿಯ ಬುರುಡೆ ಮಾಡುವ ಕೆಲಸ ಅದು. ಕಲ್ಯಾಣ ಮಂಟಪದಲ್ಲಿ ಜನ ‘ಎಕೋ’ ಎಂದು ದೂರುವುದು ಹೆಚ್ಚಾಗಿ ಅನುರಣನವನ್ನು. ಮರುದನಿಗೂ ಅನುರಣನಕ್ಕೂ ಮದ್ದು ಬೇರೆಬೇರೆ.

ಎಕೋ ಎಂಬ ಹೆಸರು ನಮ್ಮ ನುಡಿಯೊಳಗಿನ ಒಂದು ರೂಢಿಗೂ ಅಂಟಿಕೊಂಡಿದೆ. ಇಳಕಲ್ಲಿನ ಅಂಗಡಿಯಲ್ಲಿ “ಸೀರಿ ಗೀರಿ ಏನರ ಬೇಕೇನ್ರಿ?” ಎಂದು ಕೇಳುತ್ತಾರಲ್ಲ, ಆ ‘ಗೀರಿ’ಯನ್ನು ಭಾಷಾವಿಜ್ಞಾನಿಗಳು ಪ್ರತಿಧ್ವನಿ ಪದ ಎನ್ನುತ್ತಾರೆ. ಮೊದಲ ಅಕ್ಷರ ತೆಗೆದು ‘ಗಿ’ ಅಥವಾ ‘ಗೀ’ ಇಟ್ಟರೆ ‘ಅದೂ, ಅಂಥದೂ’ ಎಂಬ ಅರ್ಥ ಬರುತ್ತದೆ: ಊಟ ಗೀಟ, ರೊಟ್ಟಿ ಗಿಟ್ಟಿ, ಪುಸ್ತಕ ಗಿಸ್ತಕ. ತೆಲುಗಿನಲ್ಲೂ ಇದೇ ‘ಗಿ’. ಮರಾಠಿಯಲ್ಲಿ ‘ಬಿ’, ಹಿಂದಿಯಲ್ಲಿ ‘ವ’. ಬೇರೆಬೇರೆ ಕುಲದ ಭಾರತೀಯ ಭಾಷೆಗಳು ಜೊತೆಯಲ್ಲಿ ಬಾಳಿ ಒಂದರಂತೆ ಒಂದಾದದ್ದನ್ನು 1956ರ ತಮ್ಮ ಹೆಸರಾಂತ ಲೇಖನದಲ್ಲಿ ವಿವರಿಸಿದ ಎಂ.ಬಿ. ಎಮಿನೋ ಈ ಪ್ರತಿಧ್ವನಿ ಪದಗಳ ಮೇಲೂ ಕೆಲಸ ಮಾಡಿದವರು. ಗುಡ್ಡ ಮೊದಲಕ್ಷರ ನುಂಗಿ ಉಳಿದದ್ದನ್ನು ಮರಳಿಸುತ್ತದೆ. ನಮ್ಮ ಮಾತೂ ಮೊದಲಕ್ಷರವನ್ನೇ ಬಿಟ್ಟು ಉಳಿದದ್ದನ್ನು ಮರಳಿ ಹೇಳುತ್ತದೆ. ಈ ಹೋಲಿಕೆ ನನಗೆ ಬಹಳ ಇಷ್ಟ.

ಗೋಲಗುಮ್ಮಟದ ಹೆಸರೆತ್ತದೆ ಈ ಭಾಗದಲ್ಲಿ ಎಕೋ ಮಾತು ಮುಗಿಯುವುದಿಲ್ಲ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಅದು ನಮ್ಮದೇ ಜಿಲ್ಲೆಯ ಗುಮ್ಮಟ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿ; ಗುಮ್ಮಟದ ಒಳ ಅಗಲ ಸುಮಾರು 38 ಮೀಟರು. ಮೇಲಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಸಪ್ಪಳ ಎದುರಿನ ಗೋಡೆ ಮುಟ್ಟಿ ಮರಳಲು 76 ಮೀಟರು ಸಾಗಬೇಕು, ಅಂದರೆ ಸೆಕೆಂಡಿನ ಐದನೇ ಒಂದು ಪಾಲಿಗೆ ತುಸು ಹೆಚ್ಚು. ಕಿವಿ ಬಿಡಿಬಿಡಿಯಾಗಿ ಎಣಿಸಲು ಹೇಳಿಮಾಡಿಸಿದ ಅಂತರ. ದುಂಡನೆಯ ಗೋಡೆ ಚದುರಿದ ಸಪ್ಪಳವನ್ನು ಮತ್ತೆ ಮತ್ತೆ ಒಗ್ಗೂಡಿಸಿ ಕಳಿಸುವುದರಿಂದ ಏಳಕ್ಕೂ ಹೆಚ್ಚು ಸಲ ಕೇಳುತ್ತದೆ. ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದು ಆಚೆ ತುದಿಯಲ್ಲಿ ಕೇಳುವುದು ಬೇರೆಯೇ ಆಟ. ಅಲ್ಲಿ ಸಪ್ಪಳ ಗೋಡೆಯನ್ನೇ ಹಿಡಿದು ಜಾರುತ್ತಾ ಹೋಗುತ್ತದೆ, ನಾಲ್ಕೂ ದಿಕ್ಕಿಗೆ ಹರಡಿ ಸೊರಗುವುದಿಲ್ಲ. ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲಿ ಸದರ್ಲ್ಯಾಂಡ್ ಜೊತೆ ಈ ಪಿಸುಮಾತನ್ನು ಪರೀಕ್ಷಿಸಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮುಂದೆ ಭಾರತದ ಇಂಥ ಕಟ್ಟಡಗಳ ಬಗ್ಗೆ ಬರೆದಾಗ ಗೋಲಗುಮ್ಮಟವನ್ನೂ ಕೈಗೆತ್ತಿಕೊಂಡರು.

ಮೈಕಿನ ಎಕೋ ಕೃತಕವಾದದ್ದು. ದನಿಯ ಒಂದು ನಕಲನ್ನು ತಡೆಹಿಡಿದು, ಅಷ್ಟು ಹೊತ್ತು ಬಿಟ್ಟು ಮತ್ತೆ ಹೊರಡಿಸುವುದು. ಹಿಂದೆ ಇದಕ್ಕೆ ತಿರುಗುವ ಟೇಪು ಬೇಕಿತ್ತು, ಈಗ ಸಣ್ಣ ಚಿಪ್ಪು ಸಾಕು. ಮಿಕ್ಸರಿನಲ್ಲಿ ಮೂರು ಗುಂಡಿಗಳಿರುತ್ತವೆ: ಎಷ್ಟು ತಡ, ಎಷ್ಟು ಸಲ, ಎಷ್ಟು ಜೋರು. ತತ್ವಪದಕ್ಕೆ, ಭಜನೆಗೆ ತುಸುವೇ ಹಾಕಿದರೆ ದನಿಗೆ ಮೈ ಬರುತ್ತದೆ. ಭಾಷಣಕ್ಕೆ, ನಾಟಕದ ಮಾತಿಗೆ, ಪ್ರವಚನಕ್ಕೆ ಪೂರ್ತಿ ಬಂದ್ ಇರಬೇಕು. ಮಾತು ಅರ್ಥವಾಗಬೇಕಾದಲ್ಲಿ ಎಕೋ ಹಾಕುವುದು ಕೇಳುವವರಿಗೆ ಮಾಡುವ ಅನ್ಯಾಯ.

ಜಾತ್ರೆಗಳಲ್ಲಿ ಇನ್ನೊಂದು ತೊಂದರೆ ಇದೆ, ಮೈಕಿನವರು ಇದನ್ನು ಎಕೋ ಗುಂಡಿಯ ತಪ್ಪೆಂದು ತಿಳಿಯುತ್ತಾರೆ. ಪುಷ್ಯ ಮಾಸದ ಬನಶಂಕರಿ ಜಾತ್ರೆಯಂಥ ಬಯಲಿನಲ್ಲಿ ವೇದಿಕೆಯ ಬಳಿ ಒಂದು ಸ್ಪೀಕರು, 70 ಮೀಟರು ಆಚೆ ಇನ್ನೊಂದು ಇಟ್ಟರು ಎನ್ನಿ. ತಂತಿಯಲ್ಲಿ ಹೋದ ದನಿ ಎರಡನೆಯ ಸ್ಪೀಕರಿನಿಂದ ತಕ್ಷಣ ಹೊರಡುತ್ತದೆ. ಮೊದಲ ಸ್ಪೀಕರಿನ ದನಿ ಗಾಳಿಯಲ್ಲಿ ನಡೆದು ಸೆಕೆಂಡಿನ ಐದನೇ ಒಂದು ಪಾಲು ತಡವಾಗಿ ಅಲ್ಲಿಗೆ ಬರುತ್ತದೆ. ಹಿಂದೆ ಕೂತವರಿಗೆ ಒಂದೊಂದು ಮಾತೂ ಎರಡೆರಡು ಸಲ. ಮದ್ದು: ದೂರದ ಸ್ಪೀಕರಿಗೆ ಹೋಗುವ ದನಿಯನ್ನು ಬೇಕೆಂದೇ ತಡಮಾಡಬೇಕು. ವೇದಿಕೆಯಿಂದ ದೂರವನ್ನು ಮೀಟರಿನಲ್ಲಿ ಅಳೆದು 350ರಿಂದ ಭಾಗಿಸಿದರೆ ಎಷ್ಟು ಸೆಕೆಂಡು ತಡ ಬೇಕೆಂದು ಸಿಗುತ್ತದೆ. 35 ಮೀಟರಿಗೆ 100 ಮಿಲಿಸೆಕೆಂಡು, 70ಕ್ಕೆ 200. ಅದರ ಮೇಲೆ ಇನ್ನೊಂದು 10–15 ಮಿಲಿಸೆಕೆಂಡು ಸೇರಿಸಿದರೆ ದನಿ ಕಂಬದಿಂದಲ್ಲ, ವೇದಿಕೆಯಿಂದಲೇ ಬಂದಂತೆ ಕೇಳುತ್ತದೆ. ಮೊದಲು ಬಂದ ದನಿಯ ದಿಕ್ಕನ್ನೇ ಕಿವಿ ನಂಬುತ್ತದೆ. ಇದನ್ನು 1949ರಲ್ಲಿ ಹೆಲ್ಮುಟ್ ಹಾಸ್ ಪ್ರಯೋಗಗಳಿಂದ ತೋರಿಸಿದ. ಈಗಿನ ಡಿಜಿಟಲ್ ಮಿಕ್ಸರುಗಳಲ್ಲಿ ಈ ಸೌಕರ್ಯ ಇದ್ದೇ ಇರುತ್ತದೆ, ಬಳಸುವವರು ಕಡಿಮೆ.

ಫೋನಿನ ಎಕೋ ಬಗ್ಗೆ ಒಂದೇ ಮಾತು. ಪುಣೆಯಲ್ಲೋ ದುಬೈಯಲ್ಲೋ ಇರುವ ಮಗನ ಜೊತೆ ಮಾತಾಡುವಾಗ ನಿಮ್ಮ ದನಿ ನಿಮಗೇ ಮರಳಿ ಕೇಳಿದರೆ ನಿಮ್ಮ ಫೋನು ಕೆಟ್ಟಿಲ್ಲ. ಆ ಕಡೆಯ ಸ್ಪೀಕರಿನ ದನಿ ಆ ಕಡೆಯದೇ ಮೈಕಿಗೆ ಬೀಳುತ್ತಿದೆ. ಅವನಿಗೆ ದನಿ ಕಡಿಮೆ ಮಾಡಲು ಅಥವಾ ಇಯರ್‌ಫೋನ್ ಹಾಕಲು ಹೇಳಿ.

ಆಸ್ಪತ್ರೆಯ ಎಕೋ ಜನರಲ್ಲಿ ಹೆದರಿಕೆ ಹುಟ್ಟಿಸುವ ಎಕೋ, ಆದರೆ ಹೆದರಬೇಕಾದದ್ದು ಏನೂ ಇಲ್ಲ. ಬಾದಾಮಿಯ ಚಪ್ಪಾಳೆ ಲೆಕ್ಕವನ್ನೇ ಇಲ್ಲಿ ಎದೆಯ ಮೇಲೆ ಮಾಡುತ್ತಾರೆ. ಕೈಯಲ್ಲಿ ಹಿಡಿದ ಪುಟ್ಟ ಉಪಕರಣದೊಳಗಿನ ಹರಳುಗಳು ಸೆಕೆಂಡಿಗೆ 20 ಲಕ್ಷದಿಂದ 50 ಲಕ್ಷ ಸಲ ಕಂಪಿಸುತ್ತವೆ. ಮನುಷ್ಯರ ಕಿವಿಗೆ 20 ಸಾವಿರದಾಚೆ ಕೇಳದು. ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು. 15 ಸೆಂಟಿಮೀಟರು ಆಳದಿಂದ ಮರುದನಿ ಬರಲು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲು ಸಾಕು. ಹೃದಯದ ಗೋಡೆ, ಕವಾಟ, ರಕ್ತ ಹೀಗೆ ಎಲ್ಲದರ ಒಂದೊಂದು ಅಂಚಿನಿಂದಲೂ ಚೂರುಚೂರು ಸಪ್ಪಳ ಮರಳುತ್ತದೆ. ಯಾವುದು ಎಷ್ಟು ಹೊತ್ತಿಗೆ ಬಂತೆಂದು ನೋಡಿ ಯಂತ್ರ ಪರದೆಯ ಮೇಲೆ ಚಿತ್ರ ಬಿಡಿಸುತ್ತದೆ, ಸೆಕೆಂಡಿಗೆ ಹತ್ತಾರು ಸಲ. ಸ್ವೀಡನ್ನಿನ ಲುಂಡ್‌ನಲ್ಲಿ 1953ರಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುಟ್ ಹರ್ಟ್ಸ್ ಇದನ್ನು ಶುರುಮಾಡಿದ್ದು, ಲೋಹದೊಳಗಿನ ಬಿರುಕು ಹುಡುಕಲು ಹಡಗುಕಟ್ಟೆಯಲ್ಲಿ ಬಳಸುತ್ತಿದ್ದಂಥ ಯಂತ್ರದಿಂದ.

ತಣ್ಣನೆಯ ಅಂಟು ಲೇಪ ಏಕೆ ಹಚ್ಚುತ್ತಾರೆ? ಉಪಕರಣಕ್ಕೂ ಚರ್ಮಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಸಪ್ಪಳ ಬಂಡೆಗೆ ತಾಗಿದಂತೆ ಅಲ್ಲಿಂದಲೇ ಮರಳಿಬಿಡುತ್ತದೆ. ಎಡಮಗ್ಗುಲಿಗೆ ಮಲಗಿಸುವುದು ಹೃದಯ ಎದೆಗೂಡಿನ ಹತ್ತಿರಕ್ಕೆ ಬರಲೆಂದು. ನಡುವಿನ ಶ್ವಾಸಕೋಶದ ಗಾಳಿ ಆಗ ಪಕ್ಕಕ್ಕೆ ಸರಿಯುತ್ತದೆ. ಕೆಂಪು, ನೀಲಿ ಬಣ್ಣ ಕಂಡರೆ ಅದು ಒಳ್ಳೆಯ ರಕ್ತ, ಕೆಟ್ಟ ರಕ್ತ ಅಲ್ಲ. ಉಪಕರಣದತ್ತ ಬರುವ ಹರಿವು ಕೆಂಪು, ದೂರ ಹೋಗುವುದು ನೀಲಿ, ಅಷ್ಟೇ. ವರದಿಯಲ್ಲಿ ಬರೆಯುವ ‘ಇ.ಎಫ್.’ ಎಂದರೆ ಹೃದಯದ ಎಡಗೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ನೂರಕ್ಕೆ ಎಷ್ಟು ಪಾಲು ಹೊರಬಿತ್ತು ಎಂಬುದು. ಆರೋಗ್ಯವಂತರಲ್ಲೂ ಅದು ನೂರು ಇರುವುದಿಲ್ಲ. 55ರಿಂದ 70ರ ಆಸುಪಾಸು ಸಹಜ. ‘ಅರವತ್ತೇ ಐತಂತ’ ಎಂದು ಮನೆಮಂದಿಯೆಲ್ಲ ಗಾಬರಿಯಾಗಬೇಕಿಲ್ಲ. ಎದೆಯ ಮೇಲಿಂದ ಮಾಡುವ ಈ ಪರೀಕ್ಷೆಗೆ ಎಕ್ಸ್‌ರೇ ಕಿರಣವಿಲ್ಲ, ಸೂಜಿಯಿಲ್ಲ, ಸಾಮಾನ್ಯವಾಗಿ ಉಪವಾಸವೂ ಬೇಡ. ಗಂಟಲಿನೊಳಗೆ ನಳಿಕೆ ಇಳಿಸಿ ಮಾಡುವುದು ಬೇರೆ, ಅದಕ್ಕೆ ಮಾತ್ರ ಹೊಟ್ಟೆ ಖಾಲಿ ಇರಬೇಕು.

ಇನ್ನು ಹಾಲಿನ ಎಕೋ, ಅಂದರೆ ಅನುರಣನ. ನನ್ನ ಮಟ್ಟಿಗೆ ನಾಲ್ಕರಲ್ಲಿ ಹೆಚ್ಚು ಹಾನಿ ಮಾಡುತ್ತಿರುವುದೂ, ಯಾರೂ ಗಮನ ಕೊಡದಿರುವುದೂ ಇದೇ. ಮದುವೆಯ ಹಾಲಿನಲ್ಲಿ ಮಾತು ಕೇಳದಿದ್ದರೆ ಒಂದು ದಿನದ ಬೇಸರ. ಶಾಲೆಯ ಕೋಣೆಯಲ್ಲಿ ಕೇಳದಿದ್ದರೆ ಹಿಂದಿನ ಸಾಲಿನ ಮಗು ವರ್ಷಗಟ್ಟಲೆ ಅರ್ಧ ಪಾಠವನ್ನೇ ಕೇಳುತ್ತದೆ, ‘ದಡ್ಡ’ ಎನ್ನಿಸಿಕೊಳ್ಳುತ್ತದೆ.

ಮೊದಲಿನ ಮಣ್ಣಿನ ಮಾಳಿಗೆ ಮನೆಗಳ ಪಡಸಾಲೆಯಲ್ಲಿ ಚೀಲಗಳು, ಹಾಸಿಗೆ, ಕೌದಿ, ಕಟ್ಟಿಗೆಯ ತೊಲೆ ಎಲ್ಲ ಸೇರಿ ಸಪ್ಪಳವನ್ನು ಹೀರುತ್ತಿದ್ದವು. ಈಗ ಆರ್‌ಸಿಸಿ ತಾರಸಿ, ನುಣುಪು ಗಿಲಾವು, ನೆಲಕ್ಕೆ ಟೈಲು ಇಲ್ಲವೇ ಹೊಳಪಿಟ್ಟ ಇಳಕಲ್ ಗ್ರಾನೈಟು. ಇವೆಲ್ಲ ತಾಗಿದ ಸಪ್ಪಳದಲ್ಲಿ ನೂರಕ್ಕೆ ಎರಡು ಮೂರು ಪಾಲು ಮಾತ್ರ ನುಂಗುತ್ತವೆ. ನವನಗರದಲ್ಲಿ ಹೊಸ ಮನೆ ಕಟ್ಟಿಸಿದವರು ಸಾಮಾನು ತರುವ ಮೊದಲು ನಡುಮನೆಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ. ಎದುರುಬದುರು ಗೋಡೆಗಳ ನಡುವೆ ಸಪ್ಪಳ ‘ಟರ್‌ರ್’ ಎಂದು ಓಡಾಡುವುದು ಕೇಳುತ್ತದೆ. ನಾಲ್ಕು ಮೀಟರು ಅಗಲದ ಕೋಣೆಯಲ್ಲಿ ಅದು ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಸಲ ಹೋಗಿಬರುತ್ತದೆ.

ಸಪ್ಪಳ ಎಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕುವ ಸೂತ್ರವನ್ನು ಕೊಟ್ಟವನು ಹಾರ್ವರ್ಡಿನ ವಾಲೇಸ್ ಸಬೈನ್. 1895ರಲ್ಲಿ ಮಾತೇ ಅರ್ಥವಾಗದ ಒಂದು ಉಪನ್ಯಾಸ ಕೋಣೆಯನ್ನು ಸರಿಪಡಿಸುವ ಕೆಲಸ ಅವನಿಗೆ ಬಂತು. ಪಕ್ಕದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹರಡಿ, ಎಷ್ಟು ಮೆತ್ತೆಗೆ ಸಪ್ಪಳ ಎಷ್ಟು ಬೇಗ ಸಾಯುತ್ತದೆ ಎಂದು ಅಳೆದ. ಅವನು ಕಂಡದ್ದು ಇಷ್ಟು: ಕೋಣೆಯ ಘನಮೀಟರನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಸೆಕೆಂಡು ಸಿಗುತ್ತದೆ. ತೆರೆದ ಕಿಟಕಿಯ ಒಂದು ಚದರಮೀಟರು ಹೀರಿಕೆಯ ಒಂದು ಅಳತೆ. ಹೊರಗೆ ಹೋದ ಸಪ್ಪಳ ಮರಳಿ ಬಾರದು.

8 ಮೀಟರು ಉದ್ದ, 6 ಅಗಲ, 3.2 ಎತ್ತರದ ತರಗತಿ ಹಿಡಿಯೋಣ. 154 ಘನಮೀಟರು, ಒಳಮೈ 186 ಚದರಮೀಟರು. ನೂರಕ್ಕೆ ಮೂರರಂತೆ ಹೀರಿಕೆ 5.6. ಕಿಟಕಿ ಮುಚ್ಚಿದ ಖಾಲಿ ಕೋಣೆಯಲ್ಲಿ ಸಪ್ಪಳ 4.4 ಸೆಕೆಂಡು ಉಳಿಯುತ್ತದೆ. ಅಷ್ಟರಲ್ಲಿ ಗುರುಗಳು ಹತ್ತಕ್ಕೂ ಹೆಚ್ಚು ಅಕ್ಷರ ಮುಂದೆ ಹೋಗಿರುತ್ತಾರೆ. ಒಟ್ಟು 6 ಚದರಮೀಟರಿನ ಕಿಟಕಿಗಳನ್ನು ತೆರೆದರೆ 2.1 ಸೆಕೆಂಡು. 40 ಮಕ್ಕಳು ಬಂದು ಕೂತರೆ, ಒಬ್ಬೊಬ್ಬರು ಸುಮಾರು 0.3ರಷ್ಟು ಹೀರಿಕೊಂಡು, 1 ಸೆಕೆಂಡಿಗೆ ಇಳಿಯುತ್ತದೆ. ಇಂಥ ಕೋಣೆಗೆ ಅಮೆರಿಕದ ಮಾನದಂಡ ಕೇಳುವುದು 0.6 ಸೆಕೆಂಡು, ಅದೂ ಖಾಲಿ ಕೋಣೆಯಲ್ಲಿ. ಈಗ ಹಿಂದಿನ ಗೋಡೆಗೂ ಪಕ್ಕದ ಗೋಡೆಯ ಒಂದು ಭಾಗಕ್ಕೂ ಸೇರಿ 20 ಚದರಮೀಟರು ದಪ್ಪ ಕೌದಿ ಇಳಿಬಿಡಿ. ನೆರಿಗೆಯಾಗಿ ತೂಗಿದ ದಪ್ಪ ಬಟ್ಟೆ ಮಾತಿನ ಸಪ್ಪಳದ ಅರ್ಧಕ್ಕಿಂತ ತುಸು ಹೆಚ್ಚು ಹೀರುತ್ತದೆ. ಮಕ್ಕಳಿದ್ದಾಗ ಕೋಣೆ 0.7ರ ಹತ್ತಿರ ಬರುತ್ತದೆ. ನಮ್ಮ ಹಳ್ಳಿಗಳ ಅಜ್ಜಿಯರು ಹಳೆಯ ಸೀರೆ, ಧೋತರ ಸೇರಿಸಿ ಹೊಲಿಯುವ ಕೌದಿಗಿಂತ ಅಗ್ಗದ, ಅಂದದ ಸಾಧನ ನನಗೆ ತಿಳಿದಂತೆ ಬೇರೊಂದಿಲ್ಲ.

ಕೌದಿಯನ್ನು ಗೋಡೆಗೆ ಅಂಟಿಸಿ ಮೊಳೆ ಹೊಡೆಯಬೇಡಿ. ಗೋಡೆಯ ಮೈಗೆ ತಾಗಿದಲ್ಲಿ ಗಾಳಿಯ ಕಣಗಳು ಅಲುಗುವುದೇ ಇಲ್ಲ; ಅಲ್ಲಿ ಬಟ್ಟೆಗೆ ಹಿಡಿಯಲು ಏನೂ ಸಿಗದು. ಹತ್ತು ಸೆಂಟಿಮೀಟರು ಬಿಟ್ಟು ಕೋಲಿಗೆ ತೂಗಿದರೆ ಮಾತಿನ ಶ್ರುತಿಗಳು ಸಿಕ್ಕಿಬೀಳುತ್ತವೆ. ತೆಳ್ಳನೆಯ ಪರದೆ ಕೀಚಲು ಸಪ್ಪಳವನ್ನಷ್ಟೇ ನುಂಗಿ ಗಡಸನ್ನು ಬಿಡುತ್ತದೆ. ಗೋಣಿತಟ್ಟು, ಜಮಖಾನ ಆದೀತು. ಮೊಟ್ಟೆಯ ಟ್ರೇ ಅಂಟಿಸುವುದು ಬರೀ ನಂಬಿಕೆ, ಪ್ರಯೋಜನ ಬಹಳ ಕಡಿಮೆ. ಅಗ್ಗದ ಸ್ಪಂಜು ಹಾಳೆ ಸಪ್ಪಳ ಹೀರಿದರೂ ಬೆಂಕಿಗೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಮಕ್ಕಳಿರುವಲ್ಲಿ ಬೇಡವೇ ಬೇಡ. ಇದ್ಯಾವುದೂ ಹೊರಗಿನ ರಸ್ತೆಯ ಗದ್ದಲವನ್ನು ತಡೆಯುವುದಿಲ್ಲ, ಅದಕ್ಕೆ ದಪ್ಪ ಗೋಡೆ, ಬಿಗಿ ಬಾಗಿಲು ಬೇಕು.

ಕಲ್ಯಾಣ ಮಂಟಪದವರಿಗೂ ಇದೇ ಲೆಕ್ಕ. ಖಾಲಿ ಹಾಲಿನಲ್ಲಿ ಬೆಳಗ್ಗೆ ಮೈಕು ಪರೀಕ್ಷಿಸಿ ಗುಂಡಿ ಹೊಂದಿಸಿದರೆ ಜನ ತುಂಬಿದ ಮೇಲೆ ಅದು ಹೊಂದುವುದಿಲ್ಲ, ಐದುನೂರು ಮಂದಿ ಬಂದು ಕೂತರೆ ಅವರ ಬಟ್ಟೆ ಮೈಗಳೇ ದೊಡ್ಡ ಹೀರಿಕೆ. ಮಾತು ಅರ್ಥವಾಗದಿದ್ದಾಗ ಜೋರು ಮಾಡುವುದು ಎಲ್ಲರ ಮೊದಲ ಕೆಲಸ. ಜೋರು ಮಾಡಿದಷ್ಟೂ ಗುಂಯ್‌ಗುಡುವುದೂ ಅಷ್ಟೇ ಜೋರಾಗುತ್ತದೆ, ಅರ್ಥ ಒಂದಿನಿತೂ ಹೆಚ್ಚುವುದಿಲ್ಲ. ಎರಡು ದೊಡ್ಡ ಸ್ಪೀಕರಿನ ಬದಲು ನಾಲ್ಕಾರು ಸಣ್ಣವನ್ನು ಜನರ ಹತ್ತಿರ, ತಲೆಗಳ ಕಡೆ ಬಾಗಿಸಿ ಇಡಬೇಕು. ಸೂರಿಗೂ ಗೋಡೆಗೂ ಬಿದ್ದ ದನಿ ವ್ಯರ್ಥ. ಮಾತಾಡುವವರು ನಿಧಾನಿಸಿದರೆ ಅರ್ಧ ಸಮಸ್ಯೆ ತೀರುತ್ತದೆ.

ಮಗ್ಗಗಳ ಊರಿಗೆ ಒಂದು ಎಚ್ಚರಿಕೆ ಹೇಳದೆ ಇರಲಾರೆ. ಇಳಕಲ್ಲಿನಲ್ಲೂ ಹುನಗುಂದ ಸೀಮೆಯಲ್ಲೂ ತಗ್ಗಿನಲ್ಲಿ ಕಾಲಿಟ್ಟು ನೇಯುವ ಕೈಮಗ್ಗದ ಸಪ್ಪಳ ತಾಳಬಹುದಾದದ್ದು. ವಿದ್ಯುತ್ ಮಗ್ಗದ ಶೆಡ್ಡಿನದು ಹಾಗಲ್ಲ. ತಗಡಿನ ಸೂರು, ಸಿಮೆಂಟು ಗೋಡೆ, ಎಲ್ಲ ಮಗ್ಗಗಳ ಲಾಳಿಯ ಬಡಿತ ಮತ್ತೆ ಮತ್ತೆ ಮರಳಿ ಒಂದಾಗುತ್ತದೆ. ಹೀರಿಕೆಯನ್ನು ಎರಡು ಪಟ್ಟು ಮಾಡಿದರೆ ಈ ಮರಳುವ ಗದ್ದಲ 3 ಡೆಸಿಬೆಲ್ ಇಳಿಯುತ್ತದೆ. ಅದು ಶೆಡ್ಡಿನ ಮೂಲೆಯಲ್ಲಿ ಕಂಡಿಕೆ ಸುತ್ತುವವರಿಗೆ ನೆಮ್ಮದಿ. ಮಗ್ಗದ ಎದುರೇ ನಿಂತವರಿಗೆ ಅಲ್ಲ. ಅವರಿಗೆ ಬಡಿಯುವುದು ಮರುದನಿಯಲ್ಲ, ನೇರ ದನಿ. ದಿನಕ್ಕೆ ಎಂಟು ತಾಸು 85 ಡೆಸಿಬೆಲ್ ಮೀರಿದ ಸಪ್ಪಳದಲ್ಲಿ ವರ್ಷಗಟ್ಟಲೆ ಇದ್ದರೆ ಕಿವಿಯ ಒಳಗಿನ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಅಳೆಯುವ ಯಂತ್ರ ಇಲ್ಲದಿದ್ದರೆ ಹೀಗೆ ತಿಳಿಯಿರಿ: ತೋಳಳತೆಯಲ್ಲಿ ನಿಂತವನಿಗೆ ಮಾತು ಮುಟ್ಟಿಸಲು ಒದರಬೇಕಾದರೆ ಮಿತಿ ದಾಟಿದೆ.

ಹೀಗೆ ಕಿವಿ ಕೆಡುವಾಗ ಮೊದಲು ಹೋಗುವುದು ಏರುಶ್ರುತಿ ಕೇಳುವ ಶಕ್ತಿ. ‘ಸ’ಕ್ಕೂ ‘ಶ’ಕ್ಕೂ ವ್ಯತ್ಯಾಸ ಗೊತ್ತಾಗದು, ಮೊಮ್ಮಕ್ಕಳ ಮಾತು ಬಿಡಿಸಿ ತಿಳಿಯದು, ಮನೆಯಲ್ಲಿ ಟಿವಿಯ ದನಿ ದಿನೇದಿನೇ ಏರುತ್ತದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಕಿವಿಯೊಳಗೆ ಇಟ್ಟರೆ ತಾನೇ ಉಬ್ಬಿ ಕೂರುವ ಮೆತ್ತನೆಯ ಬಿರಡೆಗಳು ಔಷಧದ ಅಂಗಡಿಯಲ್ಲಿ ಸಿಗುತ್ತವೆ. ಕಿವಿಯ ಮೇಲ್ಭಾಗವನ್ನು ಇನ್ನೊಂದು ಕೈಯಿಂದ ಮೇಲಕ್ಕೆ ಎಳೆದು ಹಿಡಿದು ಒಳಗಿಡಬೇಕು, ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಅರಳೆ ತುರುಕುವುದರಿಂದ ಪ್ರಯೋಜನ ಬಹಳ ಕಡಿಮೆ. ವರ್ಷಕ್ಕೊಮ್ಮೆ ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿ ಶ್ರವಣ ಪರೀಕ್ಷೆ ಮಾಡಿಸಿ ಆ ಚೀಟಿಯನ್ನು ಇಟ್ಟುಕೊಳ್ಳಿ. ಹೋದ ವರ್ಷದ ಗೆರೆಗೂ ಈ ವರ್ಷದ ಗೆರೆಗೂ ಎಲ್ಲಿ ಇಳಿಕೆ ಕಂಡಿದೆ ಎಂದು ವೈದ್ಯರು ತೋರಿಸುತ್ತಾರೆ.